ಹತ್ತೂ ಹತ್ತರ ಗಾಡಿ

ಮೂವತ್ತೊಂದು ವರ್ಷ ಟಿಕೀಟು ಹರದ ಕೈ ಇದು.
ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಗದಗಿಗೆ,
ನಡುವ ಅಣ್ಣಿಗೇರಿಯೊಳಗ ಐದು ಮಿನೀಟು ಚಹಾ.
ಫುಲ್ಲು, ಹಾಫು, ಬುಟ್ಟಿಯೊಳಗಿನ ಕೋಳಿಗೊಂದು ಲಗೇಜು.
ಕತ್ತಲದಾಗೂ ಬೆರಳಿಗೆ ಗೊತ್ತಿರತಿತ್ತು
ಯಾವುದು ಎರಡರದು, ಯಾವುದು ಐದರದು.

ಇವತ್ತು ಅದ ಕೈ ಚಾಚಿ ನಿಂತೇನಿ
ಹುಬ್ಬಳ್ಳಿಯಾಗ, ತಗಡಿನ ಡಬ್ಬಿಯಂಥ ಖೋಲಿ ಮುಂದ.
ಮುಷ್ಟಿ ತೂರುವಷ್ಟು ಕಿಂಡಿ,
ಕಿಂಡಿಯಾಚೆ ಅಡಕಿ ಜಗಿಯೂ ಒಂದು ದವಡಿ.

ಮುಂಜಾನಿಂದ ಗೋಡಿ ಗೋಡಿ ಓದಿಕೋತ ಬಂದೇವಿ,
ನಾನೂ ಫಕ್ಕೀರವ್ವನೂ.
ಧಾರವಾಡದಾಗ ‘ಒಂದು ಕುರ್ಚಿ, ಒಂದು ಕಿಟಕಿ’:
ಒಬ್ಬನ ಪಾತ್ರಧಾರಿ, ಒಂದ ತಾಸು, ಪುಕ್ಕಟೆ.
“ಕುರ್ಚಿ ನಮ್ಮನ್ಯಾಗೂ ಐತಿ, ಕಿಟಕೀನೂ ಐತಿ,
ಮಾತಾಡೂದು ಒಬ್ಬರ, ಅದೂ ನಾನ,” ಅಂದಳು.
‘ಹನ್ನೆರಡನೇ ಮಗಳು’: ಚಿತ್ರದಾಗ ಎಲ್ಲಾರೂ ಅಳತಿದ್ರು,
ಹಚ್ಚಿದ ಅಂಟೂ ಇನ್ನ ಹಸೀನ ಇತ್ತು.
“ಅಳೂದಕ್ಕ ರೊಕ್ಕ ಕೊಡಬೇಕೇನು?”
ಉಳದದ್ದು ‘ಅತ್ತಿ ಎಲೆಕ್ಷನ್ನಿಗೆ ನಿಂತಾಳ’.
ಮೀಸಿ ಇಣುಕೂ ಅತ್ತಿ, ಕೈಯಾಗ ಮೈಕು, ಬಗಲಾಗ ಕಸಬರಿಗಿ.
ಅದರ ಮುಂದ ಅಕಿ ಎಷ್ಟೊತ್ತು ನಿಂತಳಂದ್ರ
ಬದನೀಕಾಯಿ ಆರಿಸೂವಾಗೂ ಅಷ್ಟು ನಿಲ್ಲೂದಿಲ್ಲ.

“ಸೋಫಾ ಇನ್ನೂರು, ಕುರ್ಚಿ ನೂರಾ ಇಪ್ಪತ್ತು,
ಹಿಂದ ಗ್ಯಾಲರಿ ಎಂಬತ್ತು. ಯಾವುದು, ಅಜ್ಜಾರ?”
ಕುರ್ಚಿ ಎರಡು ಅಂದೆ. ಮುನ್ನೂರು ಕೊಟ್ಟೆ.
“ಚಿಲ್ಲರ ಇಲ್ಲರಿ,” ಅಂದ ಹುಡುಗ,
ಟಿಕೀಟಿನ ಬೆನ್ನಿಗೆ ಪೆನ್ನಿಲೆ ಗೀಚಿದ: ‘೬೦ ಬಾಕಿ’.
ಸಾವಿರ ಸಾವಿರ ಮಂದಿಗೆ ನಾ ಬರದದ್ದು ಇದ,
ಎಷ್ಟೋ ಮಂದಿ ಇಸಕೊಳ್ಳೂದು ಮರತು ಇಳದು ಹೋಗ್ಯಾರ.
ನಕ್ಕೆ. ಅಂವ ಯಾಕಂತ ಕೇಳಲಿಲ್ಲ.

ಗುಲಾಬಿ ಬಣ್ಣದ ತೆಳು ಹಾಳಿ,
ಮೂಲ್ಯಾಗ ಅರ್ಧ ಮೂಡಿದ ಶಿಕ್ಕಾ.
“ಆಟ ಬಿಡೂದು ಎಷ್ಟಕ್ಕಪಾ?”
“ಒಂದ್ ಆಗತೈತ್ರಿ.”
ಊರಿಗೆ ಹೋಗೂ ಕಡೀ ಗಾಡಿ ಹತ್ತೂ ಹತ್ತಕ್ಕ.
ನನಗಿಂತ ಚಲೋ ಯಾರಿಗೆ ಗೊತ್ತು?

ಇಂಥಾದ ಡೇರೆ, ಇಂಥಾದ ಮೈದಾನ,
ಅಂಚಿಗೆ ನನ್ನ ಗಾಡಿ.
ತಾಡಪತ್ರಿ ತೂತಿನ್ಯಾಗ ಬೆಳಕು ಸೋರತಿತ್ತು,
ಎಷ್ಟೋ ನಾಟಕ ಎರಡನೇ ಅಂಕದ ತನಕ ನನಗ ಬಾಯಿಪಾಠ,
ಕಿವಿಯಿಂದಷ್ಟ. ಅಲ್ಲಿಂದ ಮುಂದ ರಸ್ತೆ.
ಒಂದು ರಾತ್ರಿ ಒಬ್ಬಾಕಿ, ಒಂದು ಕಾಲು ಪಾವಟಗಿ ಮ್ಯಾಲ:
“ಐದ ಮಿನೀಟು ನಿಂದರ್ರೀ ಯಣ್ಣಾ,
ಅಂವ ಸಾಯಾಕ ಹತ್ಯಾನ, ಸತ್ತ ಕೂಡಲೆ ಬರತೇನಿ!”
ಸೀಟಿ ಊದಿದೆ.
ಅಣ್ಣಿಗೇರಿ ತನಕ ಕೇಳಿಕೋತ ಬಂದಳು, “ಸತ್ನೋ, ಉಳದ್ನೋ?”
ಗಾಡಿಯಾಗಿದ್ದವರಿಗೆ ಯಾರಿಗೂ ಗೊತ್ತಿರಲಿಲ್ಲ.
ಗೊತ್ತಿದ್ದವರೆಲ್ಲಾ ಇನ್ನ ಡೇರೆಯಾಗ ಕೂತಿದ್ರು.

ಒಳಗ ಹೋಗಿ ಕೂತ್ವಿ. ಕುರ್ಚಿಯ ಒಂದು ಕಾಲು ಗಿಡ್ಡ.
ಫಕ್ಕೀರವ್ವ ಕಟಕ ರೊಟ್ಟಿ ಮುರದ ಸಪ್ಪಳಕ್ಕ
ಮುಂದಿನವ ಹೊಳ್ಳಿ ನೋಡಿದ, ಅವನಿಗೂ ಒಂದು ಚೂರು ಕೊಟ್ಟಳು.
ಅತ್ತಿ ಓಟು ಕೇಳಿದಳು. ಸೊಸಿ ಓಟು ಹಾಕೂದಿಲ್ಲಂದಳು.
ನಕ್ಕು ನಕ್ಕು ಅಕಿ ಕುಂಕುಮ ಅಳಿಸಿಕೊಂಡಳು.

ಆಗ ಹೊರಗ, ದೂರ, ಸೀಟಿ.
ಕೇಳಿದ ಕೂಡಲೆ ಮೊಣಕಾಲು ತಾವಾಗೇ ನೆಟ್ಟಗಾದವು,
ಅಂಗೈ ಇಲ್ಲದ ಕಂಬಿ ಹುಡಕಿತು.
ಅಕಿ ನನ್ನ ಅಂಗಿ ಚುಂಗು ಹಿಡದು ಜಗ್ಗಿದಳು,
ರಂಗದ ಮ್ಯಾಲಿನ ಕಣ್ಣು ತಗೀದನ:
“ಕೂಡ್ರಿ. ಅದು ನಿಮ್ಮ ಗಾಡಿ ಅಲ್ಲ.”

ಮೂರನೇ ಅಂಕ ಖರೇ ಹೇಳಬೇಕಂದ್ರ ಅಷ್ಟೇನೂ ಚಲೋ ಇರಲಿಲ್ಲ.
ಅತ್ತಿ ಗೆದ್ದಳು, ಸೀರಿ ಸೆರಗು ಮೈಕಿಗೆ ಸಿಕ್ಕಿ ಬಿದ್ದಳು, ಪರದೆ.
ರಾತ್ರಿ ಒಂದೂವರಿಗೆ ಬಸ್ ಸ್ಟ್ಯಾಂಡಿನ ಕಲ್ಲ ಬೆಂಚಿನ ಮ್ಯಾಲ
ಒಂದ ಚಾದರ, ಇಬ್ಬರು.
ಐದಕ್ಕ ಮೊದಲನೇ ಗಾಡಿ.
ಅರವತ್ತು ರೂಪಾಯಿ ಇಸಕೊಳ್ಳೂದು ಮರತೇ ಬಂದಿದ್ದೆ.