ಒಂಬತ್ತು ಬಾಯಿಯ ನದಿ

ಕಾಟನ್‌ಪೇಟೆಯ ಎರಡನೇ ಮಹಡಿ, ಲ್ಯಾಮಿನೇಷನ್ ವಾಸನೆ.
ನಾನು ದಕ್ಷಿಣ ವಿಯೆಟ್ನಾಮನ್ನು ಟೈಪು ಮಾಡುತ್ತಿದ್ದೆ.
ಆರು ರಾತ್ರಿ, ಏಳು ಹಗಲು, ಸಸ್ಯಾಹಾರ ಉಂಟು,
ಶುಕ್ರವಾರದೊಳಗೆ ಎರಡು ಸಾವಿರ ಪ್ರತಿ.
ಮೆಕಾಂಗ್ ಎಂದು ಒತ್ತಿದರೆ
ಮೇಕೆ ಎಂದು ತಿದ್ದುತ್ತಿತ್ತು ಹಳೇ ಕಂಪ್ಯೂಟರು.

ಮೊಮ್ಮಗಳ ನಾಮಕರಣದ ಕಾರ್ಡಿಗೆಂದು ಬಂದ
ಮುನಿಯಲ್ಲಪ್ಪ, ನೀರಿನ ಬೋರ್ಡಿನಲ್ಲಿ ವಾಲ್ವು ತಿರುಗಿಸಿ ರಿಟೈರಾದವರು,
ನನ್ನ ಹೆಗಲ ಮೇಲಿಂದ ಓದುತ್ತ ನಿಂತರು.
“ನದಿಗೆ ಒಂಬತ್ತು ಬಾಯಾ ತಾಯಿ?
ಬೀದಿಗೊಂದು ಬಾಯಿ ಇದ್ದುದಕ್ಕೇ
ಮೂವತ್ತೊಂದು ವರ್ಸ ಬೈಸ್ಕೊಂಡೋನು ನಾನು.”

ಓದಿ ಹೇಳಿದೆ, ಪ್ರೂಫು ನೋಡಿದ ಹಾಗೂ ಆಯಿತೆಂದು:
ತ್ರಾ ಸು ಎಂಬಲ್ಲಿ ಕಾಡೇ ನೀರಲ್ಲಿ ನಿಂತಿದೆ,
ಬಿಳಿ ತೊಗಟೆಯ ಮರ, ಕೊಂಬೆ ತುಂಬ ಕೊಕ್ಕರೆ,
ನೀರು ಕಾಣದಷ್ಟು ಹಸಿರು;
ದೋಣಿ ಸೀಳಿದಾಗ ಒಂದು ಕಪ್ಪು ಗೆರೆ,
ಹಿಂದೆಯೇ ಮತ್ತೆ ಹಸಿರು ಕೂಡಿಕೊಳ್ಳುತ್ತದೆ.
“ಬೆಳ್ಳಂದೂರಲ್ಲಿ ನೊರೆ ಹಂಗೇ ಕೂಡ್ಕೊಳ್ಳೋದು” ಎಂದರು.

ಕಾ ಮಾವ್ ಭೂಶಿರದಲ್ಲಿ, ಓದಿದೆ,
ನೆಲ ವರ್ಷವರ್ಷ ಕಡಲೊಳಕ್ಕೆ ನಡೆಯುತ್ತದೆ.
ಮೊದಲು ಕಾಂಡ್ಲಾ ಗಿಡ ಕಾಲೂರುತ್ತದೆ,
ಆಮೇಲೆ ಕೆಸರು ಬಂದು ಅದರ ಕಾಲ ಬುಡದಲ್ಲಿ ಕೂರುತ್ತದೆ.
“ಹೊಸ ನೆಲ ಅಂತೀಯ.
ಯಾರೂ ಇನ್ನೂ ಸೈಟು ಮಾಡಿಲ್ವಾ?”

ಬೆನ್ ತ್ರೆ ಕಾಲುವೆಯ ದಂಡೆಯಲ್ಲಿ
ಇರುಳಾದರೆ ಮರಕ್ಕೆ ಮರವೇ ಮಿಣುಕುಹುಳ.
ಇದಕ್ಕೆ ಏನೂ ಅನ್ನಲಿಲ್ಲ.
ಕಾರ್ಡಿನ ಸ್ಯಾಂಪಲ್ಲುಗಳನ್ನು ಸುಮ್ಮನೆ ಜೋಡಿಸುತ್ತಿದ್ದರು, ಕೆಡಿಸುತ್ತಿದ್ದರು.
“ಒಂದ್ಸಲ, ಕೆಂಪಾಂಬುಧಿ ಪಕ್ಕದ ವಾಲ್ವು ಗುಂಡೀಲಿ
ಒಂದೇ ಒಂದು ಕಂಡಿದ್ದೆ, ಮೂರೂವರೆ ಜಾವ.
ಟಾರ್ಚು ಆರಿಸಿಬಿಟ್ಟು ಕೂತೆ.
ನೀರು ಬಿಟ್ಟಿದ್ದು ಅರ್ಧ ಗಂಟೆ ತಡ.
ಅವತ್ತೂ ಬೈದರು.”

ಅಲ್ಲಿ ನದಿ ದಿನಕ್ಕೆರಡು ಸಲ ಏರಿ ಇಳಿಯುತ್ತದಂತೆ, ಎಂದೆ.
“ಕೀಲಿ ಯಾರ ಹತ್ರ ಐತೆ?”
ಚಂದ್ರನ ಹತ್ತಿರ.
“ಪಾಪ. ಪೆನ್ಸನ್ ಇಲ್ಲದ ಕೆಲಸ.”

ಆಮೇಲೆ ನನ್ನ ಸ್ಟೀಲ್ ಸ್ಕೇಲು ಕೇಳಿ ತೆಗೆದುಕೊಂಡು
ಒಂದು ತುದಿ ಗೋಡೆಯ ಪೈಪಿಗೆ, ಇನ್ನೊಂದು ಕಿವಿಗೆ ಇಟ್ಟರು.
ರಸ್ತೆಯಡಿ ಎಲ್ಲಿ ಸೋರುತ್ತಿದೆ ಅಂತ
ಕಬ್ಬಿಣದ ಕೋಲಿಟ್ಟು ಹೀಗೇ ಆಲಿಸುತ್ತಿದ್ದರಂತೆ ಆಗ.
ನಗುತ್ತ, ಅದೇ ಸ್ಕೇಲನ್ನು ಪರದೆಯ ನದಿಯ ಮೇಲಿಟ್ಟರು.
“ಇಲ್ಲ ತಾಯಿ. ಇದರಲ್ಲಿ ಇನ್ನೂ ಬಿಟ್ಟಿಲ್ಲ.”

ಕೊನೆಗೆ ‘ಯಾವಾಗ ಹೋಗಬೇಕು’ ಎಂಬ ಚೌಕ.
ಮಾರ್ಚಿ, ಏಪ್ರಿಲ್ಲಿನಲ್ಲಿ ನದಿ ಬಡವಾಗಿ
ಕಡಲು ಒಳಗೆ ನುಗ್ಗುತ್ತದೆ, ಕಾಲುವೆಯೆಲ್ಲ ಉಪ್ಪು.
ಅವರು ಸ್ಕೇಲು ಕೆಳಗಿಟ್ಟರು.
“ಹಂಗಾದ್ರೆ ಅಲ್ಲೂ ನಿಂತಿರ್ತಾರೆ, ಕೊಡ ಹಿಡ್ಕೊಂಡು,
ಒಂಬತ್ತು ಬಾಯಿಯ ಮುಂದೆ.”

ಅವರು ಹೋದ ಮೇಲೆ ಆ ಮಾತನ್ನು
ಚೌಕದ ಕೆಳಗೆ ಒಂದು ಸಾಲು ಮಾಡಿ ಸೇರಿಸಿದೆ.
ಗುರುವಾರ ಟ್ರಾವೆಲ್ಸಿನ ಹುಡುಗ ಬಂದವನು
“ಜನ ಹೆದರ್ತಾರೆ ಮೇಡಂ” ಎಂದು ಹೊಡೆದುಹಾಕಿದ.
ಪುಟ ಮತ್ತೆ ಕಟ್ಟಲು ಹೊತ್ತಿರಲಿಲ್ಲ.
ಎರಡು ಸಾವಿರ ಪ್ರತಿಗಳಲ್ಲೂ
ಹುಣ್ಣಿಮೆಯ ಕಡಲ ಚಿತ್ರದ ಕೆಳಗೆ
ಕಾರಣವಿಲ್ಲದ ಒಂದು ಬೆರಳಷ್ಟು ಬಿಳಿ.

ಬಾಪೂಜಿನಗರದಲ್ಲಿ ನಮಗೆ ವಾರಕ್ಕೆರಡು ದಿನ ನೀರು.
ಶನಿವಾರ ನಾಲ್ಕಕ್ಕೆದ್ದು, ಮಕ್ಕಳು ಏಳದ ಹಾಗೆ,
ಪೈಪಿಗೆ ಸ್ಕೇಲು ಇಟ್ಟು ಕಿವಿ ಕೊಟ್ಟೆ.
ಎಲ್ಲೋ ದೂರದಿಂದ ಬರುತ್ತಿತ್ತು ಏನೋ.
ನೀರೋ, ಬರೀ ಗಾಳಿಯೋ.
ನಮ್ಮ ಮೀಟರು ಗಾಳಿಗೂ ತಿರುಗುತ್ತದೆ.