ಹಲಸಿನ ಮೇಜಿಗೊಂದು ದೀಪ

ಮೇಜು ಬಂದದ್ದು ಕುಂಬಳೆಯಿಂದ, ಗೂಡ್ಸ್ ಆಟೋದಲ್ಲಿ,
ಹಳೆ ಬೆಡ್‌ಶೀಟು ಸುತ್ತಿಕೊಂಡು, ಕಾಲು ಹೊರಗೆ ಚಾಚಿ,
ಆಸ್ಪತ್ರೆಯಿಂದ ಮನೆಗೆ ಮರಳುವವರ ಹಾಗೆ.

ಹಲಸು. ಮೊಳೆ ಒಂದೂ ಇಲ್ಲ.
ಅಡ್ಡಪಟ್ಟಿಯ ನಾಲಿಗೆ ಕಾಲನ್ನು ತೂರಿ
ಆಚೆ ಬದಿಗೆ ಒಂದು ಬೆರಳಷ್ಟು ಇಣುಕುತ್ತದೆ,
ಅದಕ್ಕೊಂದು ಬೆಣೆ.
"ಇದನ್ನು ಒಳಗೇ ಮುಚ್ಚಬಹುದಿತ್ತಲ್ಲ?" ಎಂದೆ.
ಐತಪ್ಪಾಚಾರಿ ಬೀಡಿಯನ್ನು ಕಿವಿಗೆ ಸಿಕ್ಕಿಸಿ
"ಮುಚ್ಚಲಿಕ್ಕೆ ಇದೇನು ಕದ್ದ ಮಾಲಾ?
ಕೂಡಿದ್ದು ಕಾಣಬೇಕು" ಎಂದರು.

ರಾತ್ರಿ ಟ್ಯೂಬ್‌ಲೈಟು ಹಾಕಿದೆ.
ಹಗಲಲ್ಲಿ ಹಣ್ಣಿನ ತೊಳೆಯ ಬಣ್ಣವಿದ್ದದ್ದು
ಐಸಿನಲ್ಲಿ ಎರಡು ದಿನ ಕೂತ ಬಂಗುಡೆಯಾಯಿತು.
ಗೆರೆ ಇಲ್ಲ, ಸುಳಿ ಇಲ್ಲ,
ಉಳಿ ನಡೆದ ಹೆಜ್ಜೆ ಇಲ್ಲ.
ತಾಲೂಕು ಆಫೀಸಿನ ಮೇಜಿಗೂ ಇದಕ್ಕೂ
ಫರಕು ಹೇಳಲು ಸಾಕ್ಷಿ ಬೇಕಾದೀತು.

ನಾನು ದಸ್ತಾವೇಜು ತರ್ಜುಮೆ ಮಾಡುವವಳು.
ಮಲಯಾಳದ ಆಧಾರ ಕನ್ನಡಕ್ಕೆ,
ಕನ್ನಡದ ಉಯಿಲು ಮಲಯಾಳಕ್ಕೆ;
ಗಡಿಕಲ್ಲು, ತೋಡಿನ ಬದಿ, ಪಾಲಾಗದ ಮಾವಿನ ಮರ.
ಇಪ್ಪತ್ತಾರು ವರ್ಷ ಕಣ್ಣು ತೇದ ಮೇಲೆ
ನನ್ನ ದುಡ್ಡಲ್ಲಿ ನನಗೆಂದೇ ಮಾಡಿಸಿದ್ದು
ಈ ಮೇಜು ಒಂದೇ.

ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ
ಅಂದುಂಞಿಯ ಅಂಗಡಿ. ಏಳನೆಯವರೆಗೆ ನನ್ನ ಜೊತೆ ಕಲಿತವ.
ಮಾಡಿನ ತುಂಬ ದೀಪಗಳು ತಲೆಕೆಳಗಾಗಿ ತೂಗುತ್ತಿದ್ದವು:
ಗಾಜಿನ ಗೊಂಚಲು, ದುಬೈಯ ಬಂಗಾರಬಣ್ಣದ ತಾವರೆ,
ರಿಮೋಟು ಒತ್ತಿದರೆ ನೀಲಿ, ಹಸಿರು, ಗುಲಾಬಿ.
ಒಬ್ಬಳು ವೆಳಿಚ್ಚ ಕೇಳಿದಳು, ಒಬ್ಬ ಬೊಲ್ಪು ಕೇಳಿದ,
ನಾನು ಬೆಳಕು.
ಮೂವರಿಗೂ ಒಂದೇ ಬಿಳಿ ಬಲ್ಬು ತೆಗೆದಿಟ್ಟ:
"ಎರಡು ವರ್ಷ ಗ್ಯಾರಂಟಿ."

ಚೀಲದಿಂದ ಹಲಸಿನ ಚೂರು ತೆಗೆದೆ,
ಆಚಾರಿ ಕೊಯ್ದು ಉಳಿದದ್ದು, ಅಂಗೈ ಅಗಲ.
ಸೀರೆಗೆ ರವಿಕೆ ಹೊಂದಿಸುವವಳ ಹಾಗೆ
ಒಂದೊಂದು ದೀಪದ ಕೆಳಗೂ ಹಿಡಿದು ನೋಡಿದೆ.
ಬಿಳಿಗೆ ಸತ್ತಿತು.
ತಾವರೆಯ ಕೆಳಗೆ
ಯಾರದೋ ಮದುವೆಗೆ ತಪ್ಪಿ ಬಂದವರಂತೆ ಮೂಲೆ ಹುಡುಕಿತು.

ಅಂದುಂಞಿ ಚೂರನ್ನು ಇಸಿದುಕೊಂಡು ಮೂಸಿದ.
ಮಾತಾಡದೆ ಅಟ್ಟ ಹತ್ತಿದ. ಏನೋ ಬಿತ್ತು, ಯಾರನ್ನೋ ಬೈದ,
ಧೂಳು ಸಮೇತ ಇಳಿದ:
ತಟ್ಟಿ ತಟ್ಟಿ ಮಾಡಿದ ತಾಮ್ರದ ಮುಸುಕು,
ಮೈತುಂಬ ಸುತ್ತಿಗೆಯ ಗುಳಿ, ಅಂಚಿನಲ್ಲಿ ಸಣ್ಣ ತೂತು.
"ಹನ್ನೊಂದು ವರ್ಷ ಯಾರಿಗೂ ಬೇಡವಾಯಿತು.
ತಳಂಗರೆಯಲ್ಲಿ ಉಮ್ಮ ಟೊಪ್ಪಿ ಹೊಲಿಯುತ್ತಿದ್ದರು.
ಚಿಮಣಿಗೆ ಹಿಡಿದು ಕಣ್ಣು ಎಣಿಸುವಾಗ
ಗೋಡೆಗೆಲ್ಲ ಎಳ್ಳು ಚೆಲ್ಲಿದ ಹಾಗೆ ಇರುತ್ತಿತ್ತು.
ಅದಕ್ಕೇ ತರಿಸಿದ್ದೆ."

ಹಳದಿ ಬಲ್ಬು ಸಿಕ್ಕಿಸಿದ.
ನನ್ನ ಕೈಯಲ್ಲಿದ್ದ ಮರ
ಗಂಟಲು ಸರಿಮಾಡಿಕೊಂಡಿತು.
ಕ್ರಯ ಹೇಳಿದ. ಸ್ಟೂಲು ಎಳೆದು ಕೂತೆ.

ಈಗ ಮೇಜಿನ ಮೇಲೆ ಒಂದೂವರೆ ಮೊಳ ಎತ್ತರದಲ್ಲಿ ಅದು ಇಳಿದಿದೆ.
ಕೋಣೆ ಕತ್ತಲೆಯಲ್ಲೇ ಇದೆ, ಇರಲಿ.
ಹೊರಗೆ ಚಾಚಿದ ನಾಲಿಗೆಗಳಿಗೆ
ಅಕ್ಕಿಕಾಳಿನಷ್ಟು ನೆರಳು ಬಂದಿದೆ.
ಕೈಯಾಡಿಸಿದರೆ ಮಾತ್ರ ಸಿಗುತ್ತಿದ್ದ ಉಳಿಯ ಅಲೆ
ಕೂತಲ್ಲಿಗೇ ಕಾಣುತ್ತದೆ.

ಭಾನುವಾರ ಬಾಕಿ ಹಣಕ್ಕೆ ಆಚಾರಿ ಬಂದರು.
ನಿಂತರು. ಬಗ್ಗಿದರು.
ಎಡಗಾಲಿನ ಸಂದಿನಲ್ಲಿ ಒಂದು ಎಳೆ,
ಮರದ ಹುಡಿ, ಅಂಟು ಕಲಸಿ ತುಂಬಿದ್ದು.
ತಿಂಗಳಿಂದ ನಾನು ಕಂಡಿರಲಿಲ್ಲ;
ತಾಮ್ರದ ದೀಪ ನೇರ ಅಲ್ಲಿಗೇ ಬೆರಳಿಟ್ಟಿತ್ತು.
"ಸ್ವಲ್ಪ ನೀರು" ಎಂದರು.
ಚೊಂಬು ಹಿಡಿದು ಬರುವಷ್ಟರಲ್ಲಿ
ಮುಸುಕು ಬಲಕ್ಕೆ ವಾಲಿತ್ತು, ಆ ಸಂದು ನೆರಳಲ್ಲಿತ್ತು.
"ದೀಪ ಲಾಯ್ಕ ಉಂಟು" ಎಂದು
ನೋಟು ಎರಡು ಸಲ ಎಣಿಸಿ ಹೋದರು.

ಅವರು ಗೇಟು ದಾಟಿದ ಮೇಲೆ ಎಡಕ್ಕೆ ತಿರುಗಿಸಿಕೊಂಡೆ.
ಆ ಎಳೆಯ ಬದಿಯಲ್ಲೇ ಪೆನ್ನಿಟ್ಟು, ದಿನಾ ರಾತ್ರಿ,
ಯಾರದೋ ಮೂರೂಕಾಲು ಸೆಂಟು ಜಾಗದ
ಪಡುವಣ ಗಡಿಯನ್ನು
ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುತ್ತೇನೆ.

ಕುರ್ಚಿಯ ಅಳತೆಗೆ ಆಚಾರಿ ಬರುವ ದಿನ ಮಾತ್ರ
ಬೆಳಿಗ್ಗೆಯೇ ನೆನಪು ಮಾಡಿ
ದೀಪವನ್ನು ಅವರು ಇಟ್ಟಲ್ಲಿಗೇ ಇಡುತ್ತೇನೆ.