ಕಾಲು ನೆಲಕ್ಕೆ ತಾಗಬೇಕು

ಕೊಯಮತ್ತೂರಿಂದ ಪಿಕಪ್ಪಿನಲ್ಲಿ, ಖಾಲಿ ಗೋಣಿ ಹೊದ್ದು,
ಕುಟ್ಟದ ಗೇಟು ದಾಟಿ ಬಾಳೆಲೆಗೆ ಬಂದಿದೆ
ಐವತ್ತು ಸಿಸಿಯ ಒಂದು ಕಿತ್ತಳೆ ಮರಿ.
ಟ್ಯಾಂಕಿನ ಮೇಲೆ ಹಿಂದಿನ ಮಗುವಿನ ಹೆಸರು
ಕೆರೆದು ತೆಗೆದಿದೆ; ಉಳಿದದ್ದು ತಮಿಳಿನ ಒಂದೇ ಅಕ್ಷರ.
ಆ ಮಗು ದೊಡ್ಡದಾಯಿತೋ, ಬಿದ್ದಿತೋ,
ಪೂವಣ್ಣ ವಿಚಾರಿಸಿಲ್ಲ. ನಾನು ಕೇಳಿದೆ. ನಕ್ಕ.

ನನ್ನ ತಮ್ಮ ಅವನು. ಏಳಕ್ಕೇ
ಅಪ್ಪನ ಮುಂದೆ ಟ್ಯಾಂಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದವನು.
ಗೋಣಿಕೊಪ್ಪದ ಗದ್ದೆಯಲ್ಲಿ ಕೆಸರೆಬ್ಬಿಸಿ ಗೆದ್ದ ಕಪ್ಪುಗಳು
ಅವನ ಮನೆಯ ಅಟ್ಟದಲ್ಲಿವೆ;
ಒಂದರಲ್ಲಿ ಅವನ ಹೆಂಡತಿ ಏಲಕ್ಕಿ ತುಂಬಿಟ್ಟಿದ್ದಾಳೆ.
ಎಡ ಭುಜದೊಳಗೆ ಒಂದು ಉಕ್ಕಿನ ಪಟ್ಟಿ.
ಚಳಿಯ ಬೆಳಗು ಅದನ್ನು ಉಜ್ಜಿಕೊಳ್ಳುತ್ತಾನೆ,
ಯಾರೂ ನೋಡುತ್ತಿಲ್ಲ ಎಂದುಕೊಂಡು.

“ಆರೂವರೆ ಆಯ್ತಲ್ಲ ಅಕ್ಕ, ಇನ್ನೇನು?”

ಆರೂವರೆ ಅಂದರೆ:
ಬೂಟಿನ ಲೇಸು ಕಟ್ಟಲು ಬರುತ್ತದೆ, ಎಡದ್ದು ಮಾತ್ರ.
ಹಲ್ಲು ಎರಡು ಬಿದ್ದಿವೆ, ಒಂದನ್ನು ನುಂಗಿದ್ದಾಳೆ.
ಕತ್ತಲಾದರೆ ಬಚ್ಚಲಿಗೂ ಒಬ್ಬಳೇ ಹೋಗದವಳು
ತೋಟಕ್ಕೆ ಆನೆ ನುಗ್ಗಿದ ರಾತ್ರಿ ಕಿಟಕಿಗೆ ಮೂಗೊತ್ತಿ
“ಅವ್ವ, ಅದಕ್ಕೂ ನಿದ್ದೆ ಬರಲ್ವ?” ಎಂದಿದ್ದಳು.
ಸೈಕಲ್ಲಿನ ಪಕ್ಕದ ಚಕ್ರಗಳನ್ನು ಹೋದ ಮಳೆಗಾಲವೇ ಬಿಚ್ಚಿದೆವು.
ಬಿಚ್ಚಿದ್ದು ನಾನು.
ಆ ಸ್ಪ್ಯಾನರನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ.

ಈ ನಾಡಿನಲ್ಲಿ ಗಂಡು ಹುಟ್ಟಿದರೆ
ತೋಟಕ್ಕೆಲ್ಲ ಕೇಳುವಂತೆ ಒಂದು ಗುಂಡು;
ಸರಿಯಾಗಿ ಕಣ್ಣು ಬಿಡದ ಕೂಸಿನ ಮುಷ್ಟಿಗೆ ಹರಳುಕಡ್ಡಿಯ ಬಿಲ್ಲು.
ನೀನು ತಯಾರಿದ್ದೀಯಾ ಎಂದು ಪೂವಣ್ಣನನ್ನು ಯಾರು ಕೇಳಿದ್ದರು?
ಬೊಳ್ಳವ್ವನ ಮುಷ್ಟಿಯಲ್ಲಿದ್ದದ್ದು ನನ್ನ ಕಿರುಬೆರಳು.
ಬೇಡ ಅನ್ನಲು ಬಾಯಿ ತೆರೆದಾಗಲೆಲ್ಲ ಅದು ನೆನಪಾಗುತ್ತದೆ.
ಹೂಂ ಅನ್ನಲು ತೆರೆದಾಗ
ಆ ಉಕ್ಕಿನ ಪಟ್ಟಿ.

ಭಾನುವಾರ, ಕಾಫಿ ಕಣದಲ್ಲಿ ಪರೀಕ್ಷೆ.
ಸೀಟಿನ ಮೇಲೆ ಕೂರಿಸಿದೆವು.
ತಾಗಿದ್ದು ಹೆಬ್ಬೆರಳ ತುದಿ.
“ದಪ್ಪ ಬೂಟು ಹಾಕಿದರೆ” ಎಂದ ತಮ್ಮ.
“ಬೆಳೆದರೆ” ಎಂದೆ ನಾನು.
ಅವಳ ಅಪ್ಪ “ನೀನು ಹೇಳಿದ ಹಾಗೆ” ಎನ್ನುತ್ತಲೇ
ಚೈನಿಗೆ ಎಣ್ಣೆ ಬಿಡುತ್ತಿದ್ದರು.
ಬೈಕನ್ನು ನೆಲಕ್ಕೆ ಮಲಗಿಸಿ, ಎತ್ತು ಎಂದೆ.
ಎತ್ತಲಾಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು
ಇಂಜಿನ್ನಿನ ಮೇಲೆ ಅಂಗೈ ಇಟ್ಟಳು,
ಜ್ವರ ಬಂದ ಕರುವನ್ನು ಮುಟ್ಟಿ ನೋಡುವ ಹಾಗೆ.

ಸರಿ, ಸೈಕಲ್ಲಿನಲ್ಲೇ ತೋರಿಸು.
ನಿಲ್ಲು ಎಂದರೆ ನಿಲ್ಲಬೇಕು, ಅಷ್ಟೇ.
ಬಂದಳು, ಕೂದಲು ಹಿಂದಕ್ಕೆ, ಬಾಯಿ ತೆರೆದು,
ಕಣದ ಅಂಚಿನಲ್ಲಿ ನಾನು ಕೂಗಿದೆ.
ಒಣಹಾಕಿದ ರೋಬಸ್ಟಾ ಹಣ್ಣಿನ ನಡುವೆ
ಒಂದು ಮಾರು ಉದ್ದದ ಗೆರೆ.

ಅಳಲಿಲ್ಲ. ತನಗಿಂತ ಎತ್ತರದ ಹಲಗೆ ಎಳೆದು ತಂದು
ಕಾಫಿಯನ್ನು ಮತ್ತೆ ಹರಡಿದಳು, ಗೆರೆ ಮುಚ್ಚುವ ತನಕ.
ಆಮೇಲೆ ಬಂದು ನನ್ನ ಸೆರಗಿಗೆ ಮೂಗು ಒರೆಸಿಕೊಂಡು:
“ನಿಲ್ಲು ಅಂದದ್ದು ಕೇಳಿಸ್ತು ಅವ್ವ.
ನಾನು ಕೈಗೆ ಹೇಳುವಷ್ಟರಲ್ಲಿ
ಸೈಕಲ್ ಹೋಗಿಬಿಟ್ಟಿತ್ತು.”

ಪೂವಣ್ಣ ಮಾತಾಡಲಿಲ್ಲ. ಭುಜ ಉಜ್ಜಿಕೊಂಡ,
ಈ ಸಲ ಎಲ್ಲರೂ ನೋಡುತ್ತಿರುವಾಗಲೇ.

ರಾತ್ರಿ. ಮಂಚದಿಂದ ಇಳಿಬಿದ್ದ ಅವಳ ಒಂದು ಕಾಲು.
ನೆಲಕ್ಕೆ ಎಷ್ಟು ಬಾಕಿ ಎಂದು ಅಳೆದೆ: ನಾಲ್ಕು ಬೆರಳು.
ಟಾರ್ಚು ಹಿಡಿದು ಗೋಡೌನಿಗೆ ಹೋದೆ.
ಹ್ಯಾಂಡಲ್ಲಿನಲ್ಲಿ ಒಂದು ಸಣ್ಣ ಸ್ಕ್ರೂ ಇದೆ;
ಪೂರ್ತಿ ಒಳಕ್ಕೆ ತಿರುಗಿಸಿದರೆ ಆ ಬೈಕು
ನಾನು ಪಕ್ಕದಲ್ಲಿ ನಡೆಯುವಷ್ಟೇ ಓಡುತ್ತದಂತೆ.
ಪೂರ್ತಿ ತಿರುಗಿಸಿದೆ.
ಬಾಗಿಲವರೆಗೆ ಹೋಗಿ, ಹಿಂದೆ ಬಂದು,
ಅರ್ಧ ಸುತ್ತು ಸಡಿಲಿಸಿದೆ.
ಮತ್ತೆ ಬಿಗಿದೆ.